ಶಬ್ದ ಮುಚ್ಚುವ ಬಟನ್ನು

ಕ್ಯಾತನಹಳ್ಳಿ
6 ಏಪ್ರಿಲ್ 2025

ಅಣ್ಣನಿಗೆ ಯಶಸ್ವಿನಿ ಬರೆಯುವುದು.

ನಾನೂ ಅಪ್ಪನೂ ಉಸಿರಾಡಿಕೊಂಡು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ. ಜೈಲಿನಿಂದ ನೀನು ಫೋನು ಮಾಡಿದಾಗಲೆಲ್ಲ ಅಪ್ಪನೇ ಹಿಡಿದುಕೊಂಡಿರುತ್ತಾರೆ, ನನಗೆ ಒಂದು ಮಾತೂ ಸಿಗುವುದಿಲ್ಲ. ಅದಕ್ಕೇ ಈ ಕಾಗದ. ಐದನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಸಹಿಸಿಕೋ. ಅಪ್ಪನಿಗೆ ಓದಲು ಬರುವುದಿಲ್ಲವಲ್ಲ, ಹಾಗಾಗಿ ನಾನು ಏನು ಬೇಕಾದರೂ ಬರೆಯಬಹುದು. ಆದರೆ ನಿನ್ನ ಕಾಗದ ಬಂದರೆ ಮುಂದೆ ಕೂರಿಸಿಕೊಂಡು ಓದಿಸುತ್ತಾರೆ. ನೋಡಿಕೊಂಡು ಬರೆ.

ದೇವರಾಜುವಿನ ತಾಯಿ ಚಲುವಮ್ಮ ಇನ್ನೂ ದಿನಾ ಬೆಳಿಗ್ಗೆ ಬರುತ್ತಾರೆ. ಕುಲುಮೆಯ ಬಾಗಿಲಲ್ಲಿ ನಿಂತು ಹಿಡಿ ಮಣ್ಣು ತೂರುತ್ತಾರೆ. "ನನ್ ಮಗುನ್ ತಲೆ ಒಡೆದ್ರಲ್ಲ, ನಿಮ್ಮೊಲೆ ಆರೋಗ, ನಿಮ್ಮಟ್ಟೀಲಿ ಉಲ್ಲು ಬೆಳೀಲಿ" ಅನ್ನುತ್ತಾರೆ. ಅಪ್ಪ ತಲೆ ಎತ್ತುವುದಿಲ್ಲ. "ತೂರ್ಕಳ್ಳಿ ಬುಡು, ಮಣ್ಣು ತಾನೆ." ಮಣ್ಣಾದರೆ ಪರವಾಗಿಲ್ಲ. ಹೋದ ವಾರ ಅವರ ಕಡೆಯವರು ಕಲ್ಲು ತೂರಿದರು. ಹೆಂಚು ಒಡೆದು ನನ್ನ ಹಣೆಯ ಮೇಲೆ ಬಿತ್ತು. ರಕ್ತ ಕಣ್ಣಿಗೆ ಇಳಿದು ಏನೂ ಕಾಣದೆ, ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಮುಗ್ಗರಿಸಿದೆ. ಪಾಂಡವಪುರದಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದೆ.

ಕುಲುಮೆಯಲ್ಲಿ ನಿನ್ನ ಜಾಗಕ್ಕೆ ಈಗ ನಾನು. ದೊಡ್ಡ ಸುತ್ತಿಗೆ ನನ್ನ ಕೈಗೆ ಬಂದಿದೆ. ಅಪ್ಪ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು "ಹೂಂ" ಅಂದರೆ ಹೊಡೆಯಬೇಕು, ಸಣ್ಣ ಸುತ್ತಿಗೆಯಿಂದ ಬರಿಯ ಅಡಿಗಲ್ಲನ್ನು ಟಣ್ ಎಂದು ತಟ್ಟಿದರೆ ನಿಲ್ಲಿಸಬೇಕು. ನಿನಗೆ ಹೇಳುವುದೇನು. ಮೊದಲ ದಿನ ತಡಮಾಡಿದೆ ಎಂದು ಇಕ್ಕಳದಲ್ಲೇ ಮೊಣಕೈಗೆ ಬಿಟ್ಟರು. ಈಗ ತಡವಾಗುವುದಿಲ್ಲ. ಹೂಂ ಕಿವಿಗೆ ಬೀಳುವಷ್ಟರಲ್ಲಿ ಕೈ ಮೇಲಿರುತ್ತದೆ.

ಬರೆಯಲು ಕುಳಿತದ್ದು ಬೇರೆ ವಿಷಯಕ್ಕೆ. ಗಿರಾಕಿಗಳಿಗೆ ಗೇಟಿನ ಡಿಸೈನು ತೋರಿಸಬೇಕೆಂದು ನೀನು ಕೆ.ಆರ್. ಪೇಟೆಯ ಅಂಗಡಿಯಲ್ಲಿ ಹೇಳಿದ್ದ ಲ್ಯಾಪ್‌ಟಾಪು ಬಂದಿದೆ. ಅಂಗಡಿಯವರೇ ತಂದುಕೊಟ್ಟರು. ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಇದುನ್ನ ಎಲ್ ಕಾಯ್ಸದು, ಎಲ್ ಬಡಿಯದು?" ಅಂದರು. ದೇವರ ಗೂಡಿನ ಕೆಳಗೆ ಇಟ್ಟಿದ್ದೇನೆ. ಕುಂಕುಮ ಇಟ್ಟೆ, ಮುಚ್ಚಳದ ಮೇಲೆ ಮಾತ್ರ.

ನಿನ್ನ ವಕೀಲರು ಸಂಘಮಿತ್ರಾ ಮೇಡಂ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಒಂದು ಪೆನ್‌ಡ್ರೈವು ಕೊಟ್ಟರು. ಮಚ್ಚು ಸಾಣೆಗೆ ತಂದು ನಿಂತಿದ್ದ ಯಾರೋ ಆ ದಿನ ಮೊಬೈಲಿನಲ್ಲಿ ತೆಗೆದ ವಿಡಿಯೋ ಅದರಲ್ಲಿದೆಯಂತೆ. "ಮನೆಯವಳು ನೀನು, ನಿಧಾನವಾಗಿ ನೋಡು. ಮೊದಲ ಏಟನ್ನು ಪ್ರಾಣರಕ್ಷಣೆಗೆ ಅನ್ನಬಹುದು. ಆತ ಬಿದ್ದ ಮೇಲೂ ನಿನ್ನ ಅಣ್ಣ ಯಾಕೆ ಹೊಡೆದ ಅನ್ನೋದಕ್ಕೆ ಏನಾದರೂ ಸಿಗದಿದ್ದರೆ ಜೀವಾವಧಿ ತಪ್ಪಲ್ಲ" ಅಂದರು. ಆ ದಿನ ನಾನು ಪಾಲಹಳ್ಳಿಗೆ ಹೋಗಿದ್ದೆ. ನೀನು ಬೆಸೆದ ಟ್ರೇಲರಿನ ಕೊಂಡಿ ಮುರಿದು ಕಬ್ಬಿನ ಲೋಡು ನಾಲೆಗೆ ಮಗುಚಿತು ಎಂದು ದೇವರಾಜು ಬಂದ, ಅಪ್ಪನಿಗೆ ಚಪ್ಪಲಿಯಲ್ಲಿ ಹೊಡೆದ, ನೀನು ಸುತ್ತಿಗೆ ಎತ್ತಿದೆ. ನನಗೆ ಗೊತ್ತಿರುವುದು ಇಷ್ಟೇ.

ಲ್ಯಾಪ್‌ಟಾಪು ತೆರೆಯುವುದು ಹೇಗೆ, ಬರೆ. ಊರಿನಲ್ಲಿ ಯಾರನ್ನು ಕೇಳಲಿ? ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ.

ಯಶಸ್ವಿನಿ

*

ಜೈಲಿನಿಂದ
15 ಏಪ್ರಿಲ್ 2025

ಯಶು,

ಕಾಗದ ಸಿಕ್ಕಿತು. ಹಣೆಯ ಗಾಯಕ್ಕೆ ಇದ್ದಿಲ ಧೂಳು ತಾಗಿಸಬೇಡ. ನಾನು ಆರಾಮ. ಇಲ್ಲಿ ದೇವರಾಜುವಿನ ಕಡೆಯ ಒಬ್ಬ ಇದ್ದಾನೆ. ಊಟದ ತಟ್ಟೆಯಲ್ಲಿ ಮುಖಕ್ಕೆ ಹೊಡೆದ, ಹಲ್ಲು ಅಲ್ಲಾಡುತ್ತಿತ್ತು, ಈಗ ಬಿದ್ದುಹೋಯಿತು, ಸಮಾಧಾನ. ಇದನ್ನು ಅಪ್ಪನಿಗೆ ಓದಬೇಡ.

ಲ್ಯಾಪ್‌ಟಾಪು ನೀನು ಮುಟ್ಟದಿದ್ದರೆ ಒಳ್ಳೆಯದಿತ್ತು. ಮೇಡಂ ಹೇಳಿದ್ದಾರೆ ಅಂದಮೇಲೆ ಕೇಳು.

ಮೊದಲು ಚಾರ್ಜಿಗೆ ಹಾಕು. ಪಕ್ಕದಲ್ಲಿ ದುಂಡನೆಯ ತೂತಿದೆ. ಮುಚ್ಚಳ ಎತ್ತುವಾಗ ಒಂದು ಕೈಯಲ್ಲಿ ಬುಡ ಹಿಡಿದುಕೋ, ಇಲ್ಲದಿದ್ದರೆ ಪೂರಾ ಎದ್ದು ಬರುತ್ತದೆ. ಮೇಲಿನ ಮೂಲೆಯ ಬಟನ್ನು ಒಂದು ಸಲ ಒತ್ತಿ ಬಿಡು. ತಡವಾಯಿತು ಎಂದು ಮತ್ತೆ ಮತ್ತೆ ಒತ್ತಬೇಡ, ಅದು ಎದ್ದು ಕಣ್ಣುಜ್ಜಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಅಕ್ಷರಗಳ ಕೆಳಗೆ ನುಣುಪಾದ ಒಂದು ಚೌಕ ಇದೆ. ಅದರ ಮೇಲೆ ಬೆರಳು ಎಳೆದರೆ ಪರದೆಯ ಮೇಲೆ ಬಾಣ ಓಡಾಡುತ್ತದೆ. ಬೇಕಾದದ್ದರ ಮೇಲೆ ಬಾಣ ನಿಲ್ಲಿಸಿ ಚೌಕದ ಮೇಲೆ ಎರಡು ಸಲ ಬೇಗಬೇಗ ತಟ್ಟು, ತೆರೆದುಕೊಳ್ಳುತ್ತದೆ. ತಟ್ಟು ಅಂದೆ, ಬಡಿ ಅನ್ನಲಿಲ್ಲ. ಪೆನ್‌ಡ್ರೈವು ಪಕ್ಕದ ಚಪ್ಪಟೆ ತೂತಿಗೆ. ಹೋಗದಿದ್ದರೆ ತಿರುಗಿಸಿ ಹಾಕು, ಒತ್ತಬೇಡ. ಹಳದಿ ಚೀಲದ ಚಿತ್ರ ಬರುತ್ತದೆ, ಅದರೊಳಗೆ ವಿಡಿಯೋ. ಉದ್ದನೆಯ ಖಾಲಿ ಬಟನ್ನು ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ.

ಒಂದು ಮುಖ್ಯ ಮಾತು. ಎಲ್ಲಕ್ಕಿಂತ ಮೊದಲು ಮೇಲಿನ ಸಾಲಿನಲ್ಲಿ ತುತ್ತೂರಿಯಂಥ ಚಿತ್ರಕ್ಕೆ ಅಡ್ಡಗೆರೆ ಎಳೆದಿರುವ ಬಟನ್ನು ಒತ್ತಿಬಿಡು. ಅದರಲ್ಲಿ ಸಣ್ಣ ಕೆಂಪು ದೀಪ ಹತ್ತಬೇಕು. ಅದು ಬ್ಯಾಟರಿ ಉಳಿಸುತ್ತದೆ. ಆಮೇಲೆ ಅದನ್ನು ಮುಟ್ಟಬೇಡ.

ನಿಂತಿದ್ದವರ ಹೆಸರು ಗುರುತು ಹಾಕಿ ಮೇಡಂಗೆ ಕೊಡು, ಸಾಕು.

ರಘು

*

ಕ್ಯಾತನಹಳ್ಳಿ
2 ಮೇ 2025

ಅಣ್ಣ,

ಇಷ್ಟು ದಿನ ಬೇಕಾಯಿತು. ತುತ್ತೂರಿಯ ಬಟನ್ನು ಮೊದಲೇ ಒತ್ತಿದೆ, ಕೆಂಪು ದೀಪ ಹತ್ತಿತು. ಬಾಣ ಮಾತ್ರ ನನ್ನ ಮಾತು ಕೇಳಲಿಲ್ಲ. ಸುತ್ತಿಗೆ ಹಿಡಿದು ಬೆರಳ ತುದಿ ಜಡ್ಡುಗಟ್ಟಿದೆಯಲ್ಲ, ಎಳೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಸಿಟ್ಟು ಬಂದು ಒತ್ತಿದರೆ ಏನೇನೋ ತೆರೆದುಕೊಂಡು ಮುಚ್ಚಿಕೊಂಡವು. ಕೊನೆಗೆ ಕಿರುಬೆರಳಿಗೆ ಹರಳೆಣ್ಣೆ ತಿಕ್ಕಿ, ಬಿಸಿನೀರಿನಲ್ಲಿ ನೆನೆಸಿ, ಒರೆಸಿಕೊಂಡು ಎಳೆದೆ. ಆಗ ಓಡಿತು. ಅಪ್ಪ ಸಂತೆಗೆ ಹೋದಾಗ ಮಾತ್ರ ಕಲಿಯುತ್ತಿದ್ದೆ. ಮುಚ್ಚುವುದು ಗೊತ್ತಾಗದೆ ಒಂದು ದಿನ ಹಾಗೇ ಸೀರೆ ಹೊದಿಸಿಟ್ಟೆ.

ನೋಡಿದೆ ಅಣ್ಣ.

ದೇವರಾಜು ಅಪ್ಪನ ಎದೆಗೆ ಒದ್ದ. ಅಪ್ಪ ನೀರಿನ ತೊಟ್ಟಿಯ ಹಿಂದೆ, ಅಡಿಗಲ್ಲಿನ ಬುಡಕ್ಕೆ ಬಿದ್ದರು, ಮತ್ತೆ ಕಾಣಲಿಲ್ಲ. ಅವನು ಚಪ್ಪಲಿ ಕಳಚಿ ಅಲ್ಲಿಗೆ ಬಗ್ಗಿ ಬಗ್ಗಿ ಹೊಡೆಯುತ್ತಿದ್ದ. ನೀನು ಸುತ್ತಿಗೆ ಎತ್ತಿದೆ. ಮೊದಲ ಏಟು ಭುಜಕ್ಕೆ. ಅವನ ತೋಳು ಹರಿದ ಅಂಗಿತೋಳಿನ ಹಾಗೆ ಜೋತುಬಿತ್ತು, ಅವನು ಕುಸಿದ. ಎರಡನೆಯದು ಮಂಡಿಗೆ. ಕಾಲು ಹಿಂದಕ್ಕೆ ಮಡಚುವ ಕಡೆ ಬಿಟ್ಟು ಮುಂದಕ್ಕೆ ಮಡಚಿತು. ಅವನ ಬಾಯಿ ತೆರೆದೇ ಇತ್ತು. ಮೂರನೆಯದು ತಲೆಗೆ. ಅದನ್ನು ಬರೆಯುವುದಿಲ್ಲ. ವಿಡಿಯೋ ತೆಗೆಯುತ್ತಿದ್ದವನ ಮೊಬೈಲು ಮೇಲಕ್ಕೆ ವಾಲಿ ಸೂರು ಕಾಣಿಸಿತು.

ಇದರಲ್ಲಿ ಒಂದು ಸದ್ದೂ ಇಲ್ಲ. ಮೀನಿನ ಹಾಗೆ ಎಲ್ಲರೂ ಬಾಯಿ ಬಿಡುತ್ತಾರೆ. ಸದ್ದಿಲ್ಲದೆ ನೋಡುವುದು ಇನ್ನೂ ಕೆಟ್ಟದ್ದು.

ಬಿದ್ದವನಿಗೆ ಯಾಕೆ ಹೊಡೆದೆ? ನೀನು ಕರುವಿನ ಕೊಂಬು ಸುಡುವಾಗ ಆಚೆ ಎದ್ದುಹೋಗುತ್ತಿದ್ದವನು.

ಯಶಸ್ವಿನಿ

*

ಜೈಲಿನಿಂದ
12 ಮೇ 2025

ಯಶು,

ಸಿಟ್ಟಿನಲ್ಲಿ ಆಗಿಹೋಯಿತು. ಅದಕ್ಕೆ ಯಾಕೆ ಎಂಬುದು ಇರುವುದಿಲ್ಲ. ಸದ್ದಿಲ್ಲದಿದ್ದರೆ ಇಲ್ಲ, ಆ ಮೊಬೈಲೇ ಹಾಗಿರಬೇಕು. ಹೆಸರುಗಳನ್ನು ಮೇಡಂಗೆ ಕೊಟ್ಟು ಪೆನ್‌ಡ್ರೈವು ವಾಪಸು ಮಾಡು. ಮತ್ತೆ ಮತ್ತೆ ನೋಡಬೇಡ, ತಲೆ ಕೆಡುತ್ತದೆ. ಲ್ಯಾಪ್‌ಟಾಪಿನಲ್ಲಿ ಇಸ್ಪೀಟು ಆಟ ಇರುತ್ತದೆ, ಅದನ್ನು ಕಲಿ.

ರಘು

*

ಕ್ಯಾತನಹಳ್ಳಿ
25 ಮೇ 2025

ಅಣ್ಣ,

ವಾಪಸು ಕೊಡುವ ಮುಂಚೆ ಇನ್ನೊಂದು ಸಲ ನೋಡೋಣ ಎಂದು ಕುಳಿತೆ. ಕರೆಂಟು ಹೋಗಿತ್ತು, ಚಾರ್ಜು ಕಡಿಮೆ ಇತ್ತು. ಆ ತುತ್ತೂರಿಯ ಬಟನ್ನಿನ ಕೆಂಪು ದೀಪ ಸುಮ್ಮನೆ ಉರಿಯುತ್ತಿದೆಯಲ್ಲ, ದೀಪಕ್ಕೂ ಬ್ಯಾಟರಿ ಬೇಕಲ್ಲವೇ ಎನ್ನಿಸಿ ಅದನ್ನು ಒತ್ತಿ ಆರಿಸಿದೆ. ವಿಡಿಯೋ ಹಾಕಿದೆ.

ಸದ್ದು ಬಂತು.

ದೇವರಾಜುವಿನ ಗಂಟಲು. "ಲೇ ಆಚಾರಿ, ಕೊಂಡಿ ಬೆಸಿಯಕ್ ಬರ್ದಿದ್ರೆ ಬಳೆ ಮಾರೋಗ್ಲಾ." ಚಪ್ಪಲಿಯ ಏಟು ಒಂದೊಂದೂ ಕೇಳಿಸಿತು. ಆಮೇಲೆ, ತೊಟ್ಟಿಯ ಹಿಂದಿನಿಂದ, ಅಪ್ಪ. "ಹೂಂ."

ನೀನು ಹೊಡೆದೆ.

ಬೇರೆಯವರಿಗೆ ಅದು ಏಟು ತಿಂದ ಮುದುಕ ನರಳಿದ ಹಾಗೆ ಕೇಳಿಸುತ್ತದೆ. ಪೊಲೀಸರಿಗೂ ಹಾಗೇ ಕೇಳಿಸಿರಬೇಕು. ಎರಡನೆಯ ಸಲ "ಹೂಂ" ಅಂದಾಗ ನಾನು ಚಾಪೆಯ ಮೇಲೆ ಕುಳಿತಿದ್ದವಳು, ನನ್ನ ಎರಡು ಕೈಯೂ ಮೇಲೆದ್ದವು ಅಣ್ಣ. ಸುತ್ತಿಗೆ ಇಲ್ಲದ ಕೈ. ಹೆದರಿ ಮುಚ್ಚಳ ಹಾಕಿಬಿಟ್ಟೆ.

ಈಗ ಗೊತ್ತಾಯಿತು ನೀನು ಯಾಕೆ ಹೊಡೆದೆ ಎಂದು. ನನ್ನ ಕೈಯೂ ಹೊಡೆಯುತ್ತಿತ್ತು. ಆ ಬಟನ್ನಿನ ವಿಷಯ ಯಾಕೆ ಸುಳ್ಳು ಹೇಳಿದೆ ಎಂಬುದೂ ಗೊತ್ತಾಯಿತು. ಅಪ್ಪನನ್ನು ಉಳಿಸಲು ನೀನು ಒಳಗೆ ಕುಳಿತಿದ್ದೀಯ. ಅವರು ಇಲ್ಲಿ ನಿನ್ನೆ ಕೋಳಿ ಕುಯ್ಯಿಸಿ ಸಾರು ಮಾಡಿಸಿಕೊಂಡು ಉಂಡರು.

ಮೇಡಂಗೆ ಹೇಳಿದರೆ ನಿನಗೆ ಉಳಿವಿದೆ. ಹೇಳಲೇ?

ಯಶಸ್ವಿನಿ

*

ಜೈಲಿನಿಂದ
3 ಜೂನ್ 2025

ಯಶು,

ಇಲ್ಲಿ ಕಾಗದ ಒಡೆದು ಓದಿ ಕೊಡುತ್ತಾರೆ. ಇನ್ನು ಮುಂದೆ ಆ ಮಾತು ಬರೆಯಬೇಡ.

ಅಪ್ಪನಿಗೆ ವಯಸ್ಸಾಗಿದೆ. ನಾನು ತಡೆದುಕೊಳ್ಳುತ್ತೇನೆ. ನೀನು ನನ್ನ ಬಗ್ಗೆ ತಿಳಿದುಕೊಂಡದ್ದು ನಿನ್ನ ಮನಸ್ಸಿನಲ್ಲೇ ಇರಲಿ, ನನಗೆ ಅಷ್ಟೇ ಸಾಕು.

ಎರಡನೆಯದಕ್ಕೇ ಮುಚ್ಚಿದೆ ಅಂದೆಯಲ್ಲ. ಅದರ ಮುಂದೆ ಕೇಳಲಿಲ್ಲ ತಾನೆ? ಕೇಳಬೇಡ. ಹೆಣ್ಣುಮಗಳು ಕೇಳುವಂಥದ್ದಲ್ಲ.

ರಘು

*

ನಾಗಮಂಗಲ
14 ಜೂನ್ 2025

ಅಣ್ಣ,

ನಾನು ನಾಗಮಂಗಲಕ್ಕೆ ಬಂದು ಪುಟ್ಟಲಕ್ಷ್ಮಮ್ಮ ಚಿಕ್ಕವ್ವನ ಮನೆಯಲ್ಲಿದ್ದೇನೆ. ಎಡಗೈ ಮಣಿಕಟ್ಟು ಮುರಿದಿದೆ. ಬಲಗೈ ಸರಿಯಿದೆ, ಬರೆಯಬಹುದು.

ಮೊನ್ನೆ ಮಂಗಳವಾರ ಅಪ್ಪ ಪಾಂಡವಪುರದಿಂದ ಬೇಗ ಬಂದುಬಿಟ್ಟರು. ನಾನು ವಿಡಿಯೋ ಹಾಕಿಕೊಂಡು ಕುಳಿತಿದ್ದೆ. ಅವರ "ಹೂಂ" ಅವರಿಗೇ ಕೇಳಿಸಿತು. ಬಾಗಿಲಲ್ಲೇ ನಿಂತರು.

"ಇನ್ನೊಂದ್ಸಲ ಮಾಡು."

ಹಾಕಿದೆ. ಮೊದಲ ಹೂಂಗೇ ನಿಲ್ಲಿಸೆಂದು ಕೈ ಅಡ್ಡ ಮಾಡಿದರು.

"ಇದು ನನ್ ಗಂಟ್ಲಾ?"

"ಊಂ ಕಣಪ್ಪ."

"ಇದ್ರೊಳೀಕೆ ಎಂಗ್ ಓಯ್ತು?"

ನಾನು ಬಾಯಿ ತೆರೆಯುವ ಮೊದಲು ಲ್ಯಾಪ್‌ಟಾಪು ಮುಚ್ಚಿ ಎತ್ತಿಕೊಂಡು ಕುಲುಮೆಗೆ ಹೋದರು. ಪೆನ್‌ಡ್ರೈವು ಕಳಚಿ ನೆಲಕ್ಕೆ ಬಿತ್ತು, ಅದನ್ನು ಅವರು ನೋಡಲೇ ಇಲ್ಲ. ಅಡಿಗಲ್ಲಿನ ಮೇಲೆ ಇಟ್ಟು ಇಕ್ಕಳದಲ್ಲಿ ಮೂಲೆ ಹಿಡಿದರು. "ಸುತ್ಗೆ ತಕ್ಕೊ."

"ಬ್ಯಾಡಪ್ಪ, ಅಣ್ಣಂದು ಅದು. ಒಸಾದು."

"ಹೂಂ."

ಹೊಡೆದೆ. ಬೇಡ ಎಂದು ಬಾಯಿ ಹೇಳುತ್ತಿತ್ತು, ಕೈ ಹೊಡೆಯಿತು. ಮುಚ್ಚಳ ತಗ್ಗಿಹೋಯಿತು. "ಹೂಂ." ಅಕ್ಷರದ ಬಟನ್ನುಗಳೆಲ್ಲ ಹುರಿದ ಜೋಳದ ಹಾಗೆ ಸಿಡಿದು ನನ್ನ ಮುಖಕ್ಕೆ ಬಡಿದವು. ಮೂರನೆಯದಕ್ಕೆ ಕೈ ಎತ್ತಿದ್ದೆ, ಅಪ್ಪ ಅಡಿಗಲ್ಲು ತಟ್ಟಿದರು. ಟಣ್. ಸುತ್ತಿಗೆ ತಲೆಯ ಮೇಲೇ ನಿಂತಿತು.

ಅಪ್ಪ ಆ ತುಂಡುಗಳನ್ನು ಇಕ್ಕಳದಲ್ಲಿ ಎತ್ತಿ ಕೆಂಡದೊಳಗೆ ಹಾಕಿದರು. ಕೆಟ್ಟ ವಾಸನೆ. "ಈಗ್ ಎಲ್ಲೈತೆ ನನ್ ಗಂಟ್ಲು? ಈಗ್ ಮಾತಾಡ್ಸು."

ಅದು ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಪೆನ್‌ಡ್ರೈವಿನಲ್ಲಿ ಇದೆ, ವಕೀಲರ ಹತ್ತಿರ ಇದೆ, ಪೊಲೀಸರ ಹತ್ತಿರವೂ ಇದೆ ಎಂದೆ. ಅಪ್ಪನಿಗೆ ಅದು ಹೇಗೆಂದು ತಿಳಿಯಲಿಲ್ಲ. ಒಂದು ಗಂಟಲು ಮೂರು ಕಡೆ ಹೇಗಿರುತ್ತದೆ ಎಂದರು. ನಾನು ಆಟ ಆಡಿಸುತ್ತಿದ್ದೇನೆ ಎಂದು ಇಕ್ಕಳ ಬೀಸಿದರು. ತಲೆಗೆ ಬೀಳುವುದಕ್ಕೆ ಕೈ ಅಡ್ಡ ಕೊಟ್ಟೆ, ಮೂಳೆ ಮುರಿದದ್ದು ನನಗೇ ಕೇಳಿಸಿತು. ಬಿದ್ದ ಮೇಲೆ ಬೆನ್ನಿಗೂ ಹಾಕಿದರು. ಬಾಗಿಲಿಗೆ ಬಂದು ತಪ್ಪಿಸಿದ್ದು ಯಾರು ಗೊತ್ತೇ? ಚಲುವಮ್ಮ. "ಅಯ್ಯೋ ಮುದೇವಿ, ಮಗುಳ್ನೂ ಕೊಂದ್ಬುಟ್ಟೀಯಾ" ಎಂದು ಅಪ್ಪನ ಅಂಗಿ ಹಿಡಿದು ಎಳೆದರು.

ನೀನು ಏನೇ ಹೇಳು, ನಾನು ಮೇಡಂ ಹತ್ತಿರ ಹೋಗುತ್ತೇನೆ. ಸುತ್ತಿಗೆ ಹಿಡಿದ ಕೈಗೆ ಆ ಮನೆಯಲ್ಲಿ ಸ್ವಂತ ಬುದ್ಧಿ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ.

ಯಶಸ್ವಿನಿ

*

ಜೈಲಿನಿಂದ
21 ಜೂನ್ 2025

ಯಶು,

ಹೋಗಬೇಡ. ಅವ್ವನ ಆಣೆ. ಹೋದರೂ ಮೇಡಂ ಜೊತೆ ಕುಳಿತು ವಿಡಿಯೋ ಕೇಳಬೇಡ. ಕೈ ಹೇಗಿದೆ?

ರಘು

*

ಕ್ಯಾತನಹಳ್ಳಿ
24 ಜುಲೈ 2025

ಅಣ್ಣ,

ನಿನ್ನ ಕಾಗದ ನಾಗಮಂಗಲಕ್ಕೆ ಬರುವ ಹೊತ್ತಿಗೆ ನಾನು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದಾಗಿತ್ತು. ಬಂದ ಮೇಲೆ ಒಂದು ತಿಂಗಳು ನಿನಗೆ ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ. ಒಡೆದು ಓದುವವರೂ ಓದಲಿ.

ಮೇಡಂ ಕಂಪ್ಯೂಟರಿಗೆ ದೊಡ್ಡ ಸ್ಪೀಕರುಗಳಿವೆ. ನಾನೇ ಪೆನ್‌ಡ್ರೈವು ಹಾಕಿದೆ, ನಾನೇ ಹಳದಿ ಚೀಲ ತೆರೆದೆ. ಎಲ್ಲೆಲ್ಲಿ ಅಪ್ಪ "ಹೂಂ" ಅನ್ನುತ್ತಾರೆ ನೋಡಿ ಎಂದು ಬೆರಳು ತೋರಿಸಿ ಹೇಳುತ್ತಿದ್ದೆ. ಹೂಂ, ಭುಜಕ್ಕೆ ಏಟು. ಹೂಂ, ಮಂಡಿಗೆ ಏಟು. ಈ ಸಲ ಮುಚ್ಚಳ ಹಾಕಲಿಲ್ಲ. ಮೂರನೆಯ ಹೂಂ ಬರುತ್ತದೆ ಎಂದು ಕಾದೆ.

ಟಣ್.

ಅಪ್ಪ ಬಿದ್ದಲ್ಲಿಂದಲೇ ಅಡಿಗಲ್ಲು ತಟ್ಟಿದರು. ನಿಲ್ಲಿಸು ಅಂದರು. ಮತ್ತೆ ಟಣ್. ನಾನು ನಿನ್ನ ಕೈ ನೋಡುತ್ತಿದ್ದೆ. ಟಣ್ ಅಂದಾಗ ನಿನ್ನ ಸುತ್ತಿಗೆ ನಿಂತಿತು ಅಣ್ಣ, ನನ್ನದು ನಿಂತ ಹಾಗೇ ನಿಂತಿತು. ನಿಂತು, ನೀನು ಹಿಡಿ ಬದಲಾಯಿಸಿಕೊಂಡು, ಕಾಲು ಸರಿಸಿಕೊಂಡು, ಆಮೇಲೆ ಹೊಡೆದೆ. ಅವನ ಪ್ರಾಣ ಹೋದದ್ದು ಆ ಏಟಿಗೆ ಎಂದು ಡಾಕ್ಟರು ಬರೆದಿದ್ದಾರೆ.

ಆ ಬಟನ್ನು ನೀನು ಒತ್ತಿಸಿದ್ದು ಅಪ್ಪನಿಗಾಗಿ ಅಲ್ಲ.

ಮೇಡಂ ಹೂಂ ವಿಷಯ ತಿಳಿಸಿದ ಮೇಲೆ ಪೊಲೀಸರು ಕುಲುಮೆಗೆ ಬಂದು ಅಪ್ಪನನ್ನು ಕೇಳಿದರು. ನನ್ನನ್ನೂ ಅಲ್ಲಿಗೆ ಕರೆಸಿದ್ದರು. "ಮಗ ಹೊಡೆದಾಗ ನೀನು ಏನಂದೆ?" ಅಂದರು. ಅಪ್ಪ ನೆಟ್ಟಗೆ ನಿಂತು, "ನನ್ ಕುಲುಮೇಲಿ ನಾನ್ ಹೂಂ ಅನ್ನದೆ ಸುತ್ಗೆ ಬಿದ್ದಿಲ್ಲ ಸ್ವಾಮಿ. ಅವ್ನ್ ಕೈ ಅಷ್ಟೇ. ಮೂರೂ ನಂದೇ" ಅಂದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಎರಡು ಅಂದದ್ದು ಅವರಿಗೆ ಗೊತ್ತು. ತನ್ನ ಮಾತು ಮೀರಿ ತನ್ನ ಮಗ ಹೊಡೆದ ಎಂದು ಊರಿನ ಮುಂದೆ ಹೇಳುವುದಕ್ಕಿಂತ ಜೈಲು ಅವರಿಗೆ ಹಗುರ. ಈಗ ನಿನ್ನ ಪಕ್ಕದ ಬ್ಯಾರಕ್ಕಿನಲ್ಲೇ ಇದ್ದಾರಂತೆ. ನಿನಗೆ ಬಾಯಿ ಮುಚ್ಚಿಕೊಂಡಿರು ಅಂದಿರುತ್ತಾರೆ. ನೀನು ಮುಚ್ಚಿಕೊಂಡಿರುತ್ತೀಯ.

ನನ್ನ ಕೈ ಮುರಿದವರನ್ನು ಉಳಿಸುವ ಆಸೆ ನನಗಿಲ್ಲ. ಎರಡು ಏಟು ಅವರದು, ಅದಕ್ಕೆ ಅವರು ಅಲ್ಲಿರಲಿ. ಮೂರನೆಯದು ಅವರದಲ್ಲ.

ಮೇಡಂ ಹೇಳಿದರು, "ಹೂಂ ಅಂದದ್ದನ್ನು ನೀನು ಕೋರ್ಟಿನಲ್ಲಿ ಹೇಳಿದರೆ ನಿನ್ನ ಅಣ್ಣನಿಗೆ ತುಂಬಾ ಅನುಕೂಲ. ಅಡಿಗಲ್ಲಿನ ಸದ್ದು ಏನೆಂದು ಅಲ್ಲಿ ಯಾರಿಗೂ ತಿಳಿಯಲ್ಲ, ಯಾರೂ ಕೇಳಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಕು." ನಾನು ತಲೆ ತಗ್ಗಿಸಿಕೊಂಡು ಬಂದೆ. ನಾಲ್ಕು ಜನರ ಮುಂದೆ ಹೆಸರು ಹೇಳಲು ನಾಲಿಗೆ ಹೊರಳದವಳು ನಾನು, ನಿನಗೆ ಗೊತ್ತು. ಸುಮ್ಮನಿದ್ದರೆ ನೀನು ಬೇಗ ಮನೆಗೆ ಬರುತ್ತೀಯ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಇದನ್ನೆಲ್ಲ ಯೋಚಿಸಿದೆ.

ಇವತ್ತು ಬೆಳಿಗ್ಗೆ ಚಲುವಮ್ಮ ಬಂದರು. ಕುಲುಮೆಗೆ ಬೀಗ ಹಾಕಿದೆ, ಆದರೂ ಬಂದರು, ಮುಷ್ಟಿಯಲ್ಲಿ ಮಣ್ಣಿತ್ತು. ನಾನು ಆಚೆ ಹೋಗಿ ನಿಂತೆ.

"ಕೊನೇ ಏಟು ನಮ್ಮಣ್ಣಂದೇ ಕಣವ್ವ. ಅಪ್ಪ ನಿಲ್ಸು ಅಂದಿತ್ತು. ಅವ್ನು ನಿಲ್ಸಿ ಒಡೆದ."

ತೂರುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ತೂರಲಿಲ್ಲ.

"ನೀನ್ ನೋಡ್ದಾ?"

"ನೋಡ್ದೆ. ಕೇಳ್ದೆ."

ಮುಷ್ಟಿ ಬಿಚ್ಚಿ ಮಣ್ಣು ಕೆಳಗೆ ಸುರಿದು ಕೇಳಿದರು, "ನನ್ ಮಗ ಏನಾರ ಅಂದ್ನಾ ಅದ್ರಲ್ಲಿ?"

ಇದನ್ನು ನಾನು ಮೇಡಂಗೆ ಹೇಳಿರಲಿಲ್ಲ. ಅವರಿಗೆ ಅದು ಬರಿಯ ಗೊರಗೊರ ಸದ್ದು. ಎರಡು ಟಣ್‌ಗಳ ನಡುವೆ ದೇವರಾಜು ಅಂದ. ನೀನು ಅವನ ಕಾಲ ಹತ್ತಿರವೇ ನಿಂತಿದ್ದೆ, ಸ್ಪೀಕರು ಬೇಕಿರಲಿಲ್ಲ ನಿನಗೆ.

"'ಸಾಕ್ ಕಣ್ಲಾ ರಗು' ಅಂದ" ಎಂದೆ.

ಚಲುವಮ್ಮ ಜಗಲಿಯ ಮೇಲೆ ಕುಳಿತುಬಿಟ್ಟರು. "ಅವ್ನ್ ಎಂಗ್ ಅಂದ್ನೋ ಅಂಗೇ ಏಳವ್ವ" ಅಂದರು. ಹೇಳಿದೆ. ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಸೋಮವಾರ ಕೋರ್ಟಿದೆ ಅಣ್ಣ. ಅಲ್ಲಿಯೂ ಅವನು ಅಂದ ಹಾಗೇ ಹೇಳುತ್ತೇನೆ.

ಯಶಸ್ವಿನಿ